ಮಾತಾಡಿಸಿ ಬರುವುದು

ಕಾಲು ತೆಗೆಸಿಕೊಂಡ ಮನುಷ್ಯನನ್ನು ಮಾತಾಡಿಸಲು ಹೋಗುವಾಗ ಕೈಯಲ್ಲಿ ಏನು ಒಯ್ಯಬೇಕು ಎಂಬುದು ಮೇಲ್ನೋಟಕ್ಕೆ ಕಾಣುವಷ್ಟು ಹಗುರವಾದ ಪ್ರಶ್ನೆಯಲ್ಲ. ಹೆರಿಗೆಗೆ, ಸಾವಿಗೆ, ಜ್ವರಕ್ಕೆ, ಕೋರ್ಟಿನಲ್ಲಿ ಕೇಸು ಸೋತ ಮನೆಗೆ ಕೂಡ ಏನೇನು ಒಯ್ಯಬೇಕೆಂದು ಹಿರಿಯರು ಗೊತ್ತುಮಾಡಿಟ್ಟು ಹೋಗಿದ್ದಾರೆ. ಮೊಣಕಾಲಿನ ಕೆಳಗೆ ತೆಗೆದ ಕಾಲಿನ ಬಗ್ಗೆ ಮಾತ್ರ ಏನೂ ಹೇಳಿಲ್ಲ. ಬರಿಗೈಯಲ್ಲಿ ಹೋಗುವಂತಿಲ್ಲ. ಹೋದರೆ ಯಾರೂ ಏನೂ ಅನ್ನುವುದಿಲ್ಲ, ಆದರೆ ಹನ್ನೆರಡು ವರ್ಷ ನೆನಪಿಟ್ಟುಕೊಳ್ಳುತ್ತಾರೆ. ಬ್ರೆಡ್ಡು ಒಯ್ದರೆ ನೆಗಡಿಯಾದವನಿಗೆ ಒಯ್ದ ಹಾಗೆ. ಎಳನೀರು ಒಯ್ದರೆ ಆ ಮನೆಯವರು ಕುಡುಗೋಲು ಹುಡುಕಬೇಕು. ಬಾಳೆಹಣ್ಣು ಸಕ್ಕರೆ ಕಾಯಿಲೆಯವನಿಗೆ ಆಗದು. ಬಿಸ್ಕತ್ತಿನ ಪುಡಿಕೆಯ ಮೇಲೆ ಸಕ್ಕರೆ ಇಲ್ಲವೆಂದು ಬರೆದಿದ್ದರೂ ಅದನ್ನು ಓದುವವರು ಯಾರು. ಭಾನುವಾರ ಬೆಳಿಗ್ಗೆ ಎಂಟೂವರೆಗೆ ದಾಂಡೇಲಿ ಬಸ್‌ಸ್ಟ್ಯಾಂಡಿನ ಎದುರು, ಹಣ್ಣಿನ ಗಾಡಿಯ ಮುಂದೆ ನಿಂತ ದುಂಡೇಶ ಈ ವಿಷಯವನ್ನು ಎಲ್ಲ ದಿಕ್ಕಿನಿಂದಲೂ ಪರಿಶೀಲಿಸುತ್ತಿದ್ದ. ಪರಿಶೀಲನೆ ಮುಗಿಯುವವರೆಗೆ ಬಸ್ಸು ಹತ್ತಬೇಕಾಗಿಲ್ಲ ಎಂಬ ಸಣ್ಣ ಅನುಕೂಲವೂ ಅದರಲ್ಲಿತ್ತು.

'ಯಾರಿಗ್ರಿ?' ಎಂದು ಗಾಡಿಯವನು ಕೇಳಿದ.

'ಶುಗರ ಇದ್ದವರಿಗೆ.'

'ಪೇರಲ ಒಯ್ರಿ. ಹಸರು ಇರೂವ. ಶುಗರಿಗೆ ಭಾಳ ಚಲೋ ನೋಡ್ರಿ, ಎಷ್ಟೋ ಮಂದಿ ಒಯ್ತಾರ.'

ದುಂಡೇಶನಿಗೆ ಅವನ ಮುಖ ನೋಡುವಂತಾಯಿತು. ಎಷ್ಟು ಸಲೀಸಾಗಿ ಹೇಳಿಬಿಟ್ಟ. ಯಾವ ತರಬೇತಿಯೂ ಇಲ್ಲದೆ, ಕೊರಳಲ್ಲಿ ಬ್ಯಾಡ್ಜು ಇಲ್ಲದೆ, ಒಂದು ಹಣ್ಣನ್ನು ಔಷಧ ಮಾಡಿ ತಕ್ಕಡಿಗೆ ಹಾಕಿದ. ವ್ಯತ್ಯಾಸವೆಂದರೆ ಇವನ ಪೇರಲ ತಿಂದು ಯಾರೂ ದವಾಖಾನೆಯ ಗುಳಿಗೆ ಬಿಟ್ಟಿರಲಿಲ್ಲ. ದುಂಡೇಶ ಒಂದು ಕಿಲೋ ಕಟ್ಟಿಸಿಕೊಂಡು ಹಳಿಯಾಳದ ಬಸ್ಸು ಹತ್ತಿದ.

ಬೆಳಿಗ್ಗೆ ಆರೂವರೆಗೆ ಫೋನು ಬಂದಿತ್ತು. ಈರೇಶನ ಹೆಂಡತಿ ದಾನೇಶ್ವರಿ. ತೇರಗಾಂವದಿಂದ ಅವಳು ಫೋನು ಮಾಡಿದ್ದು ಇದೇ ಮೊದಲು. ಆಸ್ಪತ್ರೆಯಲ್ಲಿದ್ದ ಹದಿನಾರು ದಿನ ಮಾಡಿರಲಿಲ್ಲ, ಕಾಲು ತೆಗೆದ ದಿನವೂ ಮಾಡಿರಲಿಲ್ಲ. 'ಅಣ್ಣಾರ, ಒಮ್ಮಿ ಬಂದ ಹೋಗ್ರಿ' ಎಂದಳು. 'ಡಾಕ್ಟರ ಶುಗರಿಗೆ ಸೂಜಿ ಬರದ ಕೊಟ್ಟಾರ, ದಿನಾ ಎರಡ ಹೊತ್ತು. ಇವರು ಹಾಕಿಸ್ಕೊಳ್ಳವಲ್ರು. ಹಿಂಗ ಬಿಟ್ರ ಇನ್ನೊಂದ ಕಾಲೂ ಹೋಗತೈತಿ ಅಂತ ಸ್ಪಷ್ಟ ಹೇಳಿ ಕಳಿಸ್ಯಾರ. ನಾ ಹೇಳಿದ್ದ ಕೇಳವಲ್ರು, ಅವರವ್ವ ಹೇಳಿದ್ದ ಕೇಳವಲ್ರು. ನಿಮ್ಮ ಮಾತ ಕೇಳತಾರ. ಆ ಪೌಡರಿನ್ಯಾಗ ಏನೂ ಇಲ್ಲ, ಸೂಜಿ ಹಾಕಿಸ್ಕೋ ಅಂತ ನಿಮ್ಮ ಬಾಯಿಂದ ಒಂದ ಮಾತ ಬರಲಿ. ಅಷ್ಟ ಸಾಕು.' ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ದುಂಡೇಶ ಸಿಟ್ಟು ಮಾಡಿಕೊಂಡು ಮನೆಯಲ್ಲೇ ಉಳಿಯಬಹುದಿತ್ತು. ಅಡುಗೆಮನೆಯಿಂದ ಅವನ ಹೆಂಡತಿ ಸುವರ್ಣಾ 'ಯಾರದು?' ಎಂದಳು. 'ಯಾರಿಲ್ಲ' ಎಂದ. ಈಗ ಈ ಮನೆಗೆ ಯಾರದೂ ಫೋನು ಬರುವುದಿಲ್ಲವಾದ್ದರಿಂದ ಅವಳು ಅದನ್ನು ನಂಬಿದಳು.

ಬಸ್ಸಿನಲ್ಲಿ ಅರ್ಧ ಸೀಟು ಖಾಲಿ. ದುಂಡೇಶ ಕೂತದ್ದು ಮೂವರ ಸೀಟಿನ ಕಿಟಕಿಯ ಬದಿಗೆ. ಕಾಗದದ ಮಿಲ್ಲಿನ ಕಟಿಂಗ್ ಸೆಕ್ಷನ್ನಿನಲ್ಲಿ ಇವನ ಜೊತೆ ಹದಿನೆಂಟು ವರ್ಷ ರೀಮು ಕಟ್ಟಿದ ಒಬ್ಬ ಕಾಲೊನಿ ಸ್ಟಾಪಿನಲ್ಲಿ ಹತ್ತಿದ, ಇವನನ್ನು ಕಂಡು ಹುಬ್ಬು ಮೇಲೆತ್ತಿ ನಕ್ಕ, ಹಿಂದಿನ ಸೀಟುಗಳನ್ನು ಒಮ್ಮೆ ನೋಡಿ, ಡ್ರೈವರನ ಪಕ್ಕದ ಎಂಜಿನ್ನಿನ ಮೇಲೆ ಹೋಗಿ ಕೂತ. ಅಲ್ಲಿ ಕೂತರೆ ಕುಂಡೆ ಸುಡುತ್ತದೆ ಎಂಬುದು ಇಬ್ಬರಿಗೂ ಗೊತ್ತು. ದುಂಡೇಶ ಕಿಟಕಿಯ ಆಚೆ ನೋಡಿದ. ಎರಡು ವರ್ಷದ ಹಿಂದೆ ಇದೇ ಮನುಷ್ಯನ ಮನೆಯಲ್ಲಿ ಅವನ ತಾಯಿಯ ಮೊಣಕಾಲು ನೋವಿನ ಬಗ್ಗೆ ಮುಕ್ಕಾಲು ತಾಸು ಮಾತಾಡಿ, ಕೊನೆಗೆ ಬ್ಯಾಗಿನಿಂದ ಡಬ್ಬಿ ತೆಗೆದಿದ್ದ. ಡಬ್ಬಿ ತೆಗೆದ ಆ ಕ್ಷಣದಲ್ಲಿ ಎದುರಿನವರ ಮುಖದಲ್ಲಿ ಏನೋ ಒಂದು ಮುಚ್ಚಿಕೊಳ್ಳುತ್ತದೆ. ಆಗ ಅವನಿಗೆ ಅದು ಕಾಣುತ್ತಿರಲಿಲ್ಲ, ಅಥವಾ ಕಾಣುತ್ತಿತ್ತು, ಆದರೆ ಅದಕ್ಕೆ ತರಬೇತಿಯಲ್ಲಿ ಬೇರೆ ಹೆಸರು ಕೊಟ್ಟಿದ್ದರು. ಅಂದಿನಿಂದ ಇಂದಿನವರೆಗೆ ಅವನು ಕಳೆದುಕೊಂಡದ್ದರ ಪಟ್ಟಿ ಮಾಡಿದರೆ ಮೊದಲನೆಯದು ಒಂದು ವಾಕ್ಯ. 'ಮತ್ತ, ಆರೋಗ್ಯ ಹೆಂಗೈತ್ರಿ?' ಎಂಬುದು. ಇಡೀ ನಾಡಿನಲ್ಲಿ ಯಾರು ಯಾರನ್ನು ಬೇಕಾದರೂ ಕೇಳಬಹುದಾದ ಆ ಮಾತನ್ನು ದುಂಡೇಶ ಕೇಳಿದರೆ ಜನ ಕೂಡಲೇ 'ಆರಾಮ, ಎಲ್ಲಾ ಆರಾಮ' ಎನ್ನುತ್ತಾ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಹಾಸಿಗೆ ಹಿಡಿದವರೂ ಅವನಿಗೆ ಆರಾಮ ಎಂದೇ ಹೇಳುತ್ತಾರೆ. ಕಾಲೊನಿಯಲ್ಲಿ ಅವನ ದೆಸೆಯಿಂದ ರೋಗವೇ ಇಲ್ಲದಂತಾಗಿದೆ.

'ನೂರು ಹೆಸರು ಬರೀರಿ' ಎಂದಿದ್ದರು ಸಿದ್ದಲಿಂಗ ಸರ್, ಹುಬ್ಬಳ್ಳಿಯ ಹೋಟೆಲಿನ ಹಾಲಿನಲ್ಲಿ, ಏಪ್ರಿಲ್ ಬಿಸಿಲಿನಲ್ಲಿ ಕೋಟು ಹಾಕಿಕೊಂಡು. ದುಂಡೇಶನನ್ನು ಕಂಪನಿಗೆ ಸೇರಿಸಿದವರು ಅವರೇ. ಅವರಿಗೂ ಮೇಲೆ ಒಬ್ಬರಿದ್ದರು, ಅವರಿಗೂ ಮೇಲೆ ಒಬ್ಬರು, ಎಲ್ಲರ ಫೋಟೋಗಳೂ ಗೋಡೆಯ ಮೇಲೆ ಒಂದರ ಮೇಲೊಂದು ಏರಿದ್ದವು. 'ಯಾರ ಹೆಸರು ಅಂತ ತೆಲಿ ಕೆಡಿಸ್ಕೋಬ್ಯಾಡ್ರಿ. ನಿಮ್ಮ ಮನ್ಯಾಗ ಯಾರರೆ ತೀರಿಕೊಂಡ್ರ ಮೊದಲ ಯಾರಿಗೆ ಫೋನ ಹಚ್ಚತೀರಿ? ಅವರನ್ನ ಮ್ಯಾಲ ಬರೀರಿ. ನಿಮಗ ಇಲ್ಲಾ ಅನ್ನಾಕ ಯಾರಿಗೆ ನಾಚಿಕಿ ಆಗತೈತಿ, ಅವರ ನಿಮ್ಮ ಬಂಡವಾಳ.' ಹಾಲಿನಲ್ಲಿದ್ದ ನೂರಾ ನಲವತ್ತು ಜನ ತಲೆ ತಗ್ಗಿಸಿ ತಮ್ಮ ಬಂಡವಾಳವನ್ನು ಬರೆದರು. ದುಂಡೇಶ ಒಳ್ಳೆಯ ಅಕ್ಷರದವನು. ಕಾಲಮ್ಮು ಹಾಕಿ, ನಂಬರು ಕೊಟ್ಟು, ಸ್ವಂತ ತಮ್ಮನಿಂದ ಶುರುಮಾಡಿ ಬರೆದ. ಈರೇಶನದು ಹದಿನೇಳನೆಯ ಹೆಸರು. ಎದುರಿನ ಕಾಲಮ್ಮಿನಲ್ಲಿ 'ಡ್ರೈವರ, ಶುಗರ ಐತಿ' ಎಂದು ಬರೆದು, ಶುಗರಿನ ಕೆಳಗೆ ಗೆರೆ ಎಳೆದಿದ್ದ. ಆ ಗೆರೆಯನ್ನು ಅವನು ಸ್ಕೇಲು ಇಟ್ಟು ಎಳೆದದ್ದು ಈಗ ನೆನಪಾಗುತ್ತಿದೆ.

ಹಳಿಯಾಳದ ಕಡೆಯ ಹಳ್ಳಿಗಳಿಂದ ಗುತ್ತಿಗೆಯ ಆಳುಗಳನ್ನು ಮಿಲ್ಲಿಗೆ ತರುವ ಟೆಂಪೊ ಓಡಿಸುತ್ತಿದ್ದವನು ಈರೇಶ. ಶಿಫ್ಟು ಬಿಡುವವರೆಗೆ ಗೇಟಿನ ಎದುರಿನ ಚಹಾದಂಗಡಿಯಲ್ಲಿ ಕೂತು ಎಲ್ಲರ ಸುಖದುಃಖ ಕೇಳುತ್ತಿದ್ದ. ಬೇರೆಯವರು ಡಬ್ಬಿಯನ್ನು ನೋಡಿದರೆ ಅವನು ದುಂಡೇಶನ ಮುಖವನ್ನು ನೋಡಿದ. 'ನೀವು ಹೇಳ್ತೀರಿ ಅಂದ್ರ ಸುಳ್ಳ ಯಾಕ ಇರತೈತಿ ಬಿಡಣ್ಣಾ' ಎಂದು ಮೊದಲ ಡಬ್ಬಿ ಕೊಂಡ. ಹಸಿರು ಪುಡಿ, ಬೆಳಿಗ್ಗೆ ಒಂದು ಚಮಚ, ರಾತ್ರಿ ಒಂದು ಚಮಚ. ತಿಂಗಳಾದ ಮೇಲೆ ಪುಡಿಯ ಜೊತೆ ಗುಳಿಗೆಯನ್ನೂ ನುಂಗಬೇಕೋ ಬೇಡವೋ ಎಂದು ಕೇಳಿ ಮೆಸೇಜು ಕಳಿಸಿದ. ದುಂಡೇಶ ಆ ಪ್ರಶ್ನೆಯನ್ನು ಸಿದ್ದಲಿಂಗ ಸರ್‌ಗೆ ಕಳಿಸಬೇಕಿತ್ತು; ಅವರು ಊಟ ಮಾಡುತ್ತಿರಬಹುದು ಎನಿಸಿ ತಾನೇ ಉತ್ತರ ಕೊಟ್ಟ. ಬೆರಳಿನಿಂದ ಬರೆಯಲು ಬೇಸರವಾಗಿ ಬಾಯಿಂದ ಹೇಳಿ ಕಳಿಸಿದ. ನಲವತ್ತೆರಡು ಸೆಕೆಂಡಿನ ಮಾತು. 'ಗುಳಿಗಿ ಅಂದ್ರ ವಿಷ ಈರೇಶಾ. ಕಿಡ್ನಿ ತಿಂದ ಬಿಡತಾವ. ಬಿಟ್ಟ ಬಿಡು. ಬರೇ ಪೌಡರ ಹಿಡಿ, ಮೂರ ತಿಂಗಳ. ನನ್ನ ಮ್ಯಾಲ ಬಿಡು.' ಹಿಂದೆ ಕುಕ್ಕರು ಕೂಗಿದ ಸದ್ದೂ ಅದರಲ್ಲಿ ಸೇರಿತ್ತು. ಕಾಲಿಗೆ ಚಪ್ಪಲಿ ಕಚ್ಚಿದ ಗಾಯ ಮಾಯುತ್ತಿಲ್ಲ ಎಂಬ ಸುದ್ದಿ ಬಂದಾಗ, ಕಾಲು ತೆಗೆಯುತ್ತಾರಂತೆ ಎಂಬ ಸುದ್ದಿ ಬಂದಾಗ ದುಂಡೇಶ ಮೊದಲು ಮಾಡಿದ ಕೆಲಸ ಆ ಮೆಸೇಜನ್ನು ಹುಡುಕಿ ಅಳಿಸಿದ್ದು. ಅದು ತನ್ನ ಫೋನಿನಿಂದ ಮಾತ್ರ ಹೋಯಿತು. ಈರೇಶನ ಫೋನಿನಿಂದ ಅಳಿಸುವ ಕಾಲ ಮೀರಿತ್ತು. ಫೋನನ್ನು ಲುಂಗಿಗೆ ಒರೆಸಿ, ಒರೆಸುತ್ತಿದ್ದೇನೆ ಎಂದು ಗೊತ್ತಾಗಿ, ನಿಲ್ಲಿಸಿದ.

ಹಳಿಯಾಳದಲ್ಲಿ ಇಳಿದು ತೇರಗಾಂವದ ಟೆಂಪೊ ಹಿಡಿದ. ಕಬ್ಬಿನ ಟ್ರಾಕ್ಟರು ದಾರಿ ಬಿಡದೆ ಮುಂದೆ ಮುಂದೆ ಹೋಗುತ್ತಿತ್ತು. ಹೇಳಬೇಕಾದ ಮಾತನ್ನು ದುಂಡೇಶ ಬಾಯಿಯಲ್ಲೇ ಜೋಡಿಸಿಕೊಂಡ. ಪೌಡರಿನ್ಯಾಗ ಏನೂ ಇಲ್ಲ, ಸೂಜಿ ಹಾಕಿಸ್ಕೋ. ದಾನೇಶ್ವರಿ ಹೇಳಿಕೊಟ್ಟ ಹಾಗೇ ಇದ್ದರೆ ಸಾಕು. ಆದರೆ ಆ ವಾಕ್ಯ ಹೊರಟಾಗಲೆಲ್ಲ ಅದರ ಹಿಂದೆ ಇನ್ನೊಂದು ವಾಕ್ಯ, ಅದರ ಹಿಂದೆ ಮತ್ತೊಂದು ಬಂದು ನಿಲ್ಲುತ್ತಿದ್ದವು. ಏನೂ ಇಲ್ಲವೆಂದು ಯಾವಾಗ ಗೊತ್ತಾಯಿತು? ಗೊತ್ತಾದ ಮೇಲೂ ಕಂಪನಿಯಲ್ಲಿ ತನ್ನ ಅಂತಸ್ತು ಕೆಳಗಿಳಿಯಬಾರದೆಂದು ಪ್ರತಿ ತಿಂಗಳು ಯಾರು ಡಬ್ಬಿ ಕೊಂಡು ಟ್ರೆಜರಿ ಕಪಾಟಿನಲ್ಲಿ, ಸೀರೆಗಳ ಹಿಂದೆ, ಪೇರಿಸಿಟ್ಟರು? ಸುವರ್ಣಾ ಒಮ್ಮೆ ಹಸಿರು ಪುಡಿಯನ್ನು ತುಳಸಿಗೆ ಹಾಕಿದ್ದಳು. ತುಳಸಿ ಒಣಗಲೂ ಇಲ್ಲ, ಚಿಗುರಲೂ ಇಲ್ಲ.

ಈರೇಶನ ಮನೆಯ ಮುಂದೆ ಎಂಟು ಜೊತೆ ಚಪ್ಪಲಿ ಇದ್ದವು. ಅವುಗಳ ಪಕ್ಕದಲ್ಲಿ ಹೊಸ ವಾಕರು, ಪ್ಲಾಸ್ಟಿಕ್ಕು ಕೂಡ ಬಿಚ್ಚಿಲ್ಲ. ದುಂಡೇಶ ತನ್ನ ಚಪ್ಪಲಿಯನ್ನು ಸ್ವಲ್ಪ ದೂರ ಬಿಟ್ಟ. ಪಡಸಾಲೆಯಲ್ಲಿ ಹೊರಸಿನ ಮೇಲೆ ಗೋಡೆಗೆ ಒರಗಿ ಈರೇಶ ಕೂತಿದ್ದ. ಒಂದು ಕಾಲು ಚಾದರದ ಕೆಳಗೆ ಉದ್ದಕ್ಕೆ ಇತ್ತು, ಇನ್ನೊಂದು ಇರಬೇಕಾದ ಕಡೆ ಚಾದರ ಮಟ್ಟಸವಾಗಿ ಬಿದ್ದಿತ್ತು. ಕಣ್ಣು ಅಲ್ಲಿಗೆ ಹೋಗಬಾರದೆಂದು ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದುದರಿಂದ ಪಡಸಾಲೆಗೆ ಒಂದು ಸಭೆಯ ಕಳೆ ಬಂದಿತ್ತು. ಬಂದವರು ತಂದ ಬ್ರೆಡ್ಡು, ಬಾಳೆಹಣ್ಣು, ಬಿಸ್ಕತ್ತು ಗೂಡಿನಲ್ಲಿ ಸಾಲಾಗಿದ್ದವು. ಅಂದರೆ ಯಾರೂ ಅಷ್ಟೊಂದು ಯೋಚಿಸಿರಲಿಲ್ಲ.

'ಬರ್ರಿ ಬರ್ರಿ' ಎಂದ ಈರೇಶ, ಹೊಸ ಮದುಮಗನ ಉತ್ಸಾಹದಿಂದ. 'ನಾ ಹೇಳಾಕತ್ತಿದ್ನಲ್ಲ, ಇವರ ನೋಡ್ರಿ ನಮ್ಮ ದುಂಡೇಶಣ್ಣ. ನನ್ನ ಕೈ ಹಿಡದವರು. ಕುಂದರ್ರಿ ಅಣ್ಣಾ, ಇಲ್ಲೇ ಕುಂದರ್ರಿ.'

ಹೊರಸಿನ ಕಾಲ ಬದಿಗೆ ಜಾಗ ಧಾರಾಳವಾಗಿತ್ತು. ದುಂಡೇಶ ಅಲ್ಲಿ ಕೂತ.

'ಅಂದ್ರ ಶಿವಗಂಗವ್ವಾ' ಎಂದು ಈರೇಶ ಬಿಟ್ಟ ಮಾತನ್ನು ಹಿಡಿದ. ಎದುರಿಗೆ ಕಂಬಕ್ಕೆ ಆತು ಕೂತ ಮುದುಕಿ ಅವನ ಸೋದರತ್ತೆ. 'ಡಾಕ್ಟರ ಏನ ಅಂದ ಗೊತ್ತೈತೇನು? ನಿನ್ನ ಶುಗರ ನೋಡಿದ್ರ ತೊಡಿತನಕಾ ತೆಗೀಬೇಕಾಗಿತ್ತಪಾ, ಮೊಣಕಾಲ ಹೆಂಗ ಉಳೀತು ಅಂತ ಅವಗ ಆಶ್ಚರ್ಯ. ನಾ ಅಂದೆ, ನಿಮಗ ಆಶ್ಚರ್ಯ ಸಾಹೇಬ್ರ, ನನಗಲ್ಲ. ಹತ್ತ ತಿಂಗಳ ಪೌಡರ ತಗೊಂಡೀನಿ. ಅದ ಇರಲಿಲ್ಲಾ ಅಂದ್ರ ಇವತ್ತ ನೀವು ನನ್ನ ಮಾತಾಡ್ಸಾಕ ಬರತಿದ್ದಿಲ್ಲ, ಮಣ್ಣಿಗೆ ಬರತಿದ್ರಿ.'

ಮುದುಕಿ ನಾಲಿಗೆಯಿಂದ ಲೊಚ್ಚೆಂದಳು. ಅವಳ ಪಕ್ಕದಲ್ಲಿ ಪರಸಪ್ಪ, ಆಚೆ ಓಣಿಯ ರೈತ, ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡು ಕೇಳುತ್ತಿದ್ದ. ಹಿಂದೆ ನಾಲ್ಕೈದು ಹೆಂಗಸರು. ದುಂಡೇಶನಿಗೆ ಅದರ ಗುರುತು ಸಿಕ್ಕಿತು. ಆ ಮಾತಿನ ಏರಿಳಿತ ತನ್ನದೇ. ಎಲ್ಲಿ ನಿಲ್ಲಿಸಬೇಕು, ಯಾವಾಗ ಕೇಳುವವರ ಹೆಸರು ಹಿಡಿದು ಕರೆಯಬೇಕು, ಅನುಮಾನವನ್ನು ಡಾಕ್ಟರನ ಬಾಯಿಗೆ ಹಾಕಿ ಉತ್ತರವನ್ನು ತನ್ನ ಬಾಯಿಗೆ ಹೇಗೆ ಇಟ್ಟುಕೊಳ್ಳಬೇಕು. ಈರೇಶನನ್ನೂ ತನ್ನ ಕೆಳಗೆ ಕಂಪನಿಗೆ ಸೇರಿಸಿಕೊಂಡಾಗ, ಗೇಟಿನ ಎದುರಿನ ಅಂಗಡಿಯಲ್ಲಿ ತಾನೇ ಹೇಳಿಕೊಟ್ಟದ್ದು. ದುಂಡೇಶ ಎರಡು ವರ್ಷ ಊರೂರು ತಿರುಗಿ ಬಾಗಿಲು ತಟ್ಟಿದ್ದ. ಈರೇಶನಿಗೆ ಆ ಕಷ್ಟವಿಲ್ಲ. ಕಾಯಿಲೆ ಬಿದ್ದವನನ್ನು ಮಾತಾಡಿಸಿ ಬರಬೇಕೆಂಬುದು ಪದ್ಧತಿ; ಬಂದವರು ಕನಿಷ್ಠ ಅರ್ಧ ತಾಸು ಕೂರಬೇಕು, ಅವನು ಹೇಳಿದ್ದನ್ನೆಲ್ಲ ಕೇಳಬೇಕು, ಎದುರು ಮಾತಾಡಬಾರದು, ನಡುವೆ ಎದ್ದು ಹೋಗಬಾರದು. ಸಿದ್ದಲಿಂಗ ಸರ್ ಹೋಟೆಲಿನ ಹಾಲಿಗೆ ಬಾಡಿಗೆ ಕೊಟ್ಟು ಸೇರಿಸುವಂಥ ಜನ ಇಲ್ಲಿ ತಾವೇ ಹಣ್ಣು ಹಿಡಿದು ಬರುತ್ತಿದ್ದಾರೆ.

'ಹೌದೇನಪಾ ತಮ್ಮಾ?' ಶಿವಗಂಗವ್ವ ದುಂಡೇಶನ ಕಡೆ ತಿರುಗಿದಳು. 'ನಿನ್ನ ಪೌಡರಿನ್ಯಾಗ ಅಷ್ಟ ಗುಣಾ ಐತೇನು?'

ಎಲ್ಲರೂ ನೋಡಿದರು. ಒಳಗಿನ ಬಾಗಿಲಲ್ಲಿ ದಾನೇಶ್ವರಿ ನೀರಿನ ತಂಬಿಗೆ ಹಿಡಿದು ಬಂದು ನಿಂತಿದ್ದಳು. ದುಂಡೇಶ ಕೆಮ್ಮಿದ. 'ಈರೇಶ ಹೇಳಾಕತ್ತಾನಲ್ಲಬೇ' ಎಂದ. ಅದು ಹೌದೂ ಅಲ್ಲ, ಅಲ್ಲವೂ ಅಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಮುದುಕಿಗೆ ಅದು ಹೌದು ಎಂದೇ ಕೇಳಿತು. ದಾನೇಶ್ವರಿ ತಂಬಿಗೆಯನ್ನು ಅವನ ಮುಂದೆ ಕುಕ್ಕಿ ಒಳಗೆ ಹೋದಳು.

ಕೈಕಾಲು ತೊಳೆಯುವ ನೆಪದಲ್ಲಿ ಅವನು ಹಿತ್ತಲಿಗೆ ಹೋದ. ಅಲ್ಲಿ ದಾನೇಶ್ವರಿ ಅವನು ತಂದ ಪೇರಲಹಣ್ಣನ್ನು ಬುಟ್ಟಿಗೆ ಸುರಿಯುತ್ತಿದ್ದಳು. ತಲೆ ಎತ್ತದೆ ಮಾತಾಡಿದಳು.

'ನಾ ಏನ ಹೇಳಿ ಕರಸೀನಿ, ನೀವ ಏನ ಮಾಡಾಕತ್ತೀರಿ?'

'ಎಲ್ಲಾರ ಮುಂದ ಹೆಂಗವ್ವಾ... ಒಬ್ಬನ ಇದ್ದಾಗ ಹೇಳ್ತೇನಿ.'

'ಹೇಳ್ರಿ. ನಿಮ್ಮ ಮೆಸೇಜ ನಾನೂ ಕೇಳೀನಿ ಅಣ್ಣಾರ. ದವಾಖಾನ್ಯಾಗ ರಾತ್ರಿ ನಿದ್ದಿ ಬರಲಾರದಕ ಹನ್ನೊಂದ ಸಲಾ ಕೇಳೀನಿ. ನಿಮ್ಮ ಮನ್ಯಾಗ ಕುಕ್ಕರ ಎಷ್ಟ ಸೀಟಿ ಹೊಡೀತು ಅನ್ನೂದೂ ಗೊತ್ತೈತಿ. ಯಾರ ಮುಂದೂ ಹೇಳಿಲ್ಲ. ಹೇಳಿ ನನಗ ಆಗಬೇಕಾದ್ದ ಏನೈತಿ? ಹೋದ ಕಾಲ ಹೋತು. ಇರೂ ಕಾಲ ಉಳಿಸಿ ಕೊಡ್ರಿ.'

'ಸೂಜಿ ಎಲ್ಲಿ ಇಟ್ಟಿ?' ಎಂದ, ಏನಾದರೂ ಕೇಳಬೇಕೆಂದು.

'ನಮ್ಮ ಮನ್ಯಾಗ ಫ್ರಿಜ್ ಎಲ್ಲೈತಿ? ಬಾಜೂ ಮನ್ಯಾಗ ಇಟ್ಟೀನಿ. ಅವರ ಹಾಲಿನ ಪಾಕೀಟಿನ ಬಾಜೂಕ.'

ಮುಂದಿನ ಬಾಗಿಲಲ್ಲಿ ಬೈಕು ನಿಂತ ಸದ್ದಾಯಿತು. ಎರಡು ದಿನಕ್ಕೊಮ್ಮೆ ಹಳಿಯಾಳದಿಂದ ಬಂದು ಗಾಯದ ಪಟ್ಟಿ ಬದಲಿಸುವ ಕಂಪೌಂಡರ ಅಜಯ. ಹೆಂಗಸರು ಸೆರಗು ಸರಿಮಾಡಿಕೊಂಡು ಎದ್ದರು. ಎಲ್ಲರೂ ಚಹಾದ ಕಪ್ಪು ಹಿಡಿದು ಹೊರಗಿನ ಕಟ್ಟೆಗೆ ಹೋದರು. 'ಅಣ್ಣಾ ನೀವು ಇರ್ರಿ' ಎಂದ ಈರೇಶ. 'ಕಾಲ ಹಿಡಿಯಾಕ ಒಬ್ಬರ ಬೇಕ.'

ಹಾಗಾಗಿ ದುಂಡೇಶ ಹಿಡಿದುಕೊಂಡ. ಎರಡೂ ಕೈಯಲ್ಲಿ, ಮೊಣಕಾಲಿನ ಕೆಳಗೆ, ಮುಗಿಯುವ ಜಾಗಕ್ಕಿಂತ ಸ್ವಲ್ಪ ಮೇಲೆ. ಅದು ಬೆಚ್ಚಗಿತ್ತು, ನಿರೀಕ್ಷೆಗಿಂತ ಹಗುರಾಗಿತ್ತು. ಅಜಯ ಬಟ್ಟೆಯನ್ನು ಸುತ್ತುಸುತ್ತಾಗಿ ಬಿಚ್ಚಿದ. ಕೊನೆಯ ಸುತ್ತು ಅಂಟಿಕೊಂಡಿತ್ತು; ಅದಕ್ಕೆ ನೀರು ಹಾಕಿ ಕಾಯ್ದ. ದುಂಡೇಶ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಯಾವತ್ತೆಂದು ಹುಡುಕಿದ. ಮಿಲ್ಲಿನ ಕಟರಿನಲ್ಲಿ ಕಾಗದದ ಅಂಚು ಕತ್ತರಿಸಿ ಬೀಳುವಾಗ ಒಂದು ಸದ್ದಾಗುತ್ತದೆ, ಮೆತ್ತಗೆ, ಯಾರೋ ಉಸಿರು ಬಿಟ್ಟ ಹಾಗೆ. ಹದಿನೆಂಟು ವರ್ಷದಿಂದ ಕೇಳುತ್ತ ಬಂದ ಆ ಸದ್ದು ಈಗ ಯಾಕೆ ನೆನಪಾಗಬೇಕು. ಅಜಯ ಗಾಯ ತೊಳೆದು, ಹೊಸ ಬಟ್ಟೆ ಸುತ್ತಿ, ಕೇಳದೆಯೇ ಇನ್ನೊಂದು ಕಾಲಿನ ಚಾದರ ಸರಿಸಿದ. ಹೆಬ್ಬೆರಳಿನ ಬದಿಗೆ ಉಗುರಿನಗಲ ಕಪ್ಪಾಗಿತ್ತು. ಬೆರಳಿನಿಂದ ಹನಿ ರಕ್ತ ತೆಗೆದು ತನ್ನ ಸಣ್ಣ ಮಶಿನ್ನಿಗೆ ಹಚ್ಚಿದ.

'ಮುನ್ನೂರ ಅರವತ್ತೆರಡು' ಎಂದ. 'ಸೂಜಿ ಚಾಲೂ ಮಾಡೀರಿಲ್ಲೋ?'

'ಮಾಡೂಣು' ಎಂದ ಈರೇಶ.

'ನೀವ ಮಾಡೂಣು ಅನ್ನೂದ್ರಾಗ ಈ ಬೆರಳ ಹೋಗತೈತ್ರಿ.' ಅಜಯ ಅದನ್ನು ನಾಳೆ ಬಸ್ಸಿಲ್ಲ ಎನ್ನುವ ದನಿಯಲ್ಲಿ ಹೇಳಿ ಕೈ ತೊಳೆಯಲು ಹಿತ್ತಲಿಗೆ ಹೋದ.

ಪಡಸಾಲೆಯಲ್ಲಿ ಇಬ್ಬರೇ ಉಳಿದರು. ಕೈಯಲ್ಲಿ ಇನ್ನೂ ಕಾಲು ಇತ್ತು. ಅದನ್ನು ಯಾವಾಗ ಕೆಳಗಿಡಬೇಕೆಂದು ದುಂಡೇಶನಿಗೆ ತಿಳಿಯಲಿಲ್ಲ.

'ಈರೇಶಾ' ಎಂದ. 'ಆ ಪೌಡರಿನ್ಯಾಗ ಏನೂ ಇಲ್ಲ. ಸೂಜಿ ಹಾಕಿಸ್ಕೋ. ನಾ ಅವತ್ತ ಹಂಗ ಹೇಳಬಾರದಿತ್ತು.'

ಹೊರಬಂದಿತು. ಇಷ್ಟೇ ಇತ್ತು. ಟೆಂಪೊದಲ್ಲಿ ಅಷ್ಟು ಸಲ ಜೋಡಿಸಿಕೊಂಡದ್ದು ಇಷ್ಟು ಸಣ್ಣದೇ ಎಂದು ಅವನಿಗೆ ಆಶ್ಚರ್ಯವಾಯಿತು. ಎದೆಯಲ್ಲಿ ಒಂದು ಹಗುರ ಕೂಡ ಕಂಡಿತು. ಹತ್ತು ತಿಂಗಳಿಂದ ಕಾಣದ್ದು. ಈರೇಶ ಅತ್ತುಬಿಡಬಹುದು, ಬೈಯಬಹುದು, ಅಂಗಿ ಹಿಡಿದು ಜಗ್ಗಬಹುದು. ಏನೇ ಮಾಡಿದರೂ ತಡೆದುಕೊಳ್ಳಬೇಕು ಎಂದು ಸಿದ್ಧನಾದ.

ಈರೇಶ ನಕ್ಕ. ಕಟ್ಟೆಗೆ ಕೇಳದಷ್ಟು ಸಣ್ಣಗೆ.

'ನನಗ ಗೊತ್ತಿಲ್ಲಾ ಅಂತ ಮಾಡೀರೇನಣ್ಣಾ? ಕಾಲ ಹೋತು, ತೆಲಿ ಹೋಗಿಲ್ಲ. ದವಾಖಾನ್ಯಾಗ ಮಲಗಿದ ಮೂರನೇ ದಿನಕ್ಕ ಗೊತ್ತಾತು.'

'ಮತ್ತ?'

'ಮತ್ತ ಏನು? ಟೆಂಪೊ ಮಾಲಕ ಬೇರೆ ಡ್ರೈವರನ್ನ ಹಚ್ಚಿದ. ಒಂಟಿ ಕಾಲಿನವಗ ಯಾರ ಗಾಡಿ ಕೊಡತಾರ? ಕಂಪನ್ಯಾಗ ನನ್ನ ಕೆಳಗ ಸೇರಿದವರು ಹನ್ನೊಂದ ಮಂದಿ ಅದಾರ, ಎಲ್ಲಾ ನಮ್ಮ ಬೀಗರು ಬಿಜ್ಜರ. ನನ್ನ ಮಾರಿ ನೋಡಿ ರೊಕ್ಕಾ ಹಾಕ್ಯಾರ. ಕಾಲ ಹೋದ ಸುದ್ದಿ ಕೇಳಿ ಎಲ್ಲಾರೂ ಕುತಗಿ ಹಿಡಿಯಾಕ ಬಂದಿದ್ರು. ಬಂದವರಿಗೆ ನಾ ಏನ ಹೇಳ್ಲಿ? ಕಾಲ ಹೋದ್ರೂ ಪೌಡರ ಬಿಟ್ಟಿಲ್ಲ ನೋಡ್ರಿ, ಅಷ್ಟ ನಂಬಿಕಿ ಐತಿ ಅಂದೆ. ಸುಮ್ಮಕಾದ್ರು. ಮಂದಿ ತಗೊಂಡ ಹೊಂಟಾರ. ಹೋದ ವಾರ ನಾಕ ಮಂದಿ.' ಅವನು ಕಾಲನ್ನು ದುಂಡೇಶನ ಕೈಯಿಂದ ತಾನೇ ಎತ್ತಿ ಹಾಸಿಗೆಯ ಮೇಲಿಟ್ಟುಕೊಂಡ. 'ಈಗ ಸೂಜಿ ಹಾಕಿಸ್ಕೊಂಡೆ ಅಂತಿಟ್ಕೋರಿ. ಇವಳು ದಿನಾ ಎರಡ ಹೊತ್ತ ಬಾಜೂ ಮನಿ ಫ್ರಿಜ್ಜಿನಿಂದ ಸೂಜಿ ತರಬೇಕು. ಸಂಜೀ ಅನ್ನೂದ್ರಾಗ ಊರಿಗೆಲ್ಲಾ ಗೊತ್ತು. ಈರೇಶ ಸೂಜಿಗೆ ಬಂದ ಅಂದ್ರ ಪೌಡರ ಯಾರ ತಗೋತಾರ?'

'ಆದ್ರ ಇನ್ನೊಂದ ಕಾಲು...'

'ಅಣ್ಣಾ, ನಿಮಗ ಅಷ್ಟ ಕಾಳಜಿ ಇದ್ರ ಒಂದ ಕೆಲಸಾ ಮಾಡ್ರಿ.' ಈರೇಶನ ಮುಖದಲ್ಲಿ ನಗು ಇನ್ನೂ ಇತ್ತು, ಕಣ್ಣಿನಲ್ಲಿ ಇರಲಿಲ್ಲ. 'ಇಲ್ಲಿ ನನ್ನ ಕಿವ್ಯಾಗ ಹೇಳಿದ್ದನ್ನ ಹೊರಗ ಕಟ್ಟಿಗೆ ಹೋಗಿ ಹೇಳ್ರಿ. ಇದು ಸುಳ್ಳ, ನಾನ ಹೇಳಿ ಗುಳಿಗಿ ಬಿಡಿಸಿದೆ, ಈರೇಶಂದೇನೂ ತಪ್ಪಿಲ್ಲ ಅಂತ. ಆಗ ಹನ್ನೊಂದ ಮಂದಿ ನಿಮ್ಮ ಕುತಗಿ ಹಿಡೀತಾರ, ನನ್ನ ಬಿಡತಾರ. ನೀವು ಹೇಳಿದ್ದ ನನ್ನ ಕಿವಿಗೆ ಬಿದ್ದ ಕೂಡಲೇ ಅಜಯನ್ನ ಕರದು ತೋಳ ಕೊಡತೇನಿ. ನನ್ನ ಮಗಳ ಐಶ್ವರ್ಯಾನ ಆಣಿ.'

ದುಂಡೇಶ ಎದ್ದ. ಬಾಗಿಲು ಹತ್ತು ಹೆಜ್ಜೆ ದೂರವಿತ್ತು. ಆ ಹತ್ತು ಹೆಜ್ಜೆಯಲ್ಲಿ ಅವನು ನಿಜವಾಗಿಯೂ ಹೇಳಬೇಕೆಂದೇ ಹೊರಟಿದ್ದ. ಇದನ್ನು ಮುಂದೆ ಅವನು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡ, ಸಾಕ್ಷಿ ಯಾರೂ ಇಲ್ಲದ್ದರಿಂದ ನಂಬಿದ ಕೂಡ. ಹೇಳಿದರೆ ಏನಾಗುತ್ತದೆ? ನಾಲ್ಕು ಬೈಗುಳ. ಹೆಚ್ಚೆಂದರೆ ಒಂದು ಏಟು. ಮಿಲ್ಲಿನ ಗೇಟಿಗೆ ಬಂದು ಕೂಗಾಡುತ್ತಾರೆ. ಎಂಜಿನ್ನಿನ ಮೇಲೆ ಹೋಗಿ ಕೂತವನು ಹಲ್ಲು ಕಿಸಿಯುತ್ತಾನೆ. ಆದರೆ ನಾಳೆಯಿಂದ ಒಬ್ಬರ ಹತ್ತಿರ ಹೋಗಿ ಆರೋಗ್ಯ ಹೇಗಿದೆ ಎಂದು ಕೇಳಬಹುದು. ಹೊರಗೆ ಬಿಸಿಲು ಕಣ್ಣಿಗೆ ಹೊಡೆಯಿತು. ಕಟ್ಟೆಯ ಮೇಲೆ ಎಲ್ಲರೂ ಸಾಲಾಗಿ ಕೂತಿದ್ದರು. ಅವರ ನಡುವೆ ಈಗ ಹೊಸಬನೊಬ್ಬ ಸೇರಿದ್ದ: ಮಹಾಬಳೇಶ್ವರ, ಊರಿನ ಕಿರಾಣಿ ಅಂಗಡಿಯವನು, ಬಿಳಿ ಪೈಜಾಮ, ಬಾಯಲ್ಲಿ ಎಲೆಯಡಿಕೆ. ಹಿಂದೊಮ್ಮೆ ದುಂಡೇಶ ಅವನ ಅಂಗಡಿಯಲ್ಲಿ ಡಬ್ಬಿ ಇಡಿಸಲು ಹೋಗಿ, ಗಿರಾಕಿಗಳ ಎದುರು ಬೈಸಿಕೊಂಡು ಬಂದಿದ್ದ.

'ಓಹೋ, ದೊಡ್ಡ ಸಾಹೇಬ್ರು' ಎಂದ ಮಹಾಬಳೇಶ್ವರ. 'ಇವತ್ತ ಬ್ಯಾಗ ತಂದಿಲ್ಲೇನ್ರಿ? ಕಾಲ ಇದ್ದಾಗ ಒಂದ ಡಬ್ಬಿ ಕೊಟ್ರಿ, ಕಾಲ ಹೋತು. ಈಗ ಎರಡ ಡಬ್ಬಿ ಕೊಟ್ರ ಹೊಸಾ ಕಾಲ ಬರತೈತೇನು ಮತ್ತ?'

ಪರಸಪ್ಪ ಟೊಪ್ಪಿಗೆಯಿಂದ ಬಾಯಿ ಮುಚ್ಚಿಕೊಂಡ. ಹೆಂಗಸರಲ್ಲಿ ಒಬ್ಬಳು ಕಿಸಕ್ಕೆಂದಳು.

'ಇವರದೇನ್ರಿ' ಮಹಾಬಳೇಶ್ವರ ಎಲ್ಲರ ಕಡೆ ತಿರುಗಿದ. 'ಹುಲ್ಲ ಪುಡಿ ಮಾಡೂದು, ಡಬ್ಬ್ಯಾಗ ತುಂಬೂದು. ನಮ್ಮಂಗಡ್ಯಾಗ ಕೊತ್ತಂಬರಿ ಪುಡಿ ಮಾರತೇವಿ, ಅದರ ರೇಟ ಹಾಕಿದ್ರ ಮಂದಿ ಬಡೀತಾರ. ಬರೋಬ್ಬರಿ ಹೇಳ್ರಿ ದುಂಡೇಶ, ದೇವರ ಮ್ಯಾಲ ಕೈ ಇಟ್ಟ ಹೇಳ್ರಿ. ಇದು ಬೋಗಸ್ ಹೌದಿಲ್ಲೋ?'

ಹೌದು ಎಂದರೆ ಮುಗಿಯಿತು. ಬಾಗಿಲಿನಿಂದ ಇಲ್ಲಿಯವರೆಗೆ ಅವನು ಹುಡುಕುತ್ತಿದ್ದ ಮಾತನ್ನು ಈ ಮನುಷ್ಯ ಎಲ್ಲ ತಯಾರುಮಾಡಿ, ಎಲೆಯಡಿಕೆಯ ಕೆಂಪು ಬಾಯಿಯಿಂದ ಎತ್ತಿ ಎದುರಿಗೆ ಹಿಡಿದಿದ್ದ. ಎರಡೇ ಅಕ್ಷರ. ಒಳಗೆ ಹೊರಸಿನ ಮೇಲೆ ಈರೇಶ ಕಿವಿ ಇಟ್ಟಿದ್ದ. ಹಿತ್ತಲಿನಿಂದ ಬಂದ ದಾನೇಶ್ವರಿ ಪಡಸಾಲೆಯ ಬಾಗಿಲಿಗೆ ಬಂದು ನಿಂತಳು. ಅಜಯ ಬೈಕಿನ ಹತ್ತಿರ ಹೆಲ್ಮೆಟ್ಟು ಹಿಡಿದು ನಿಂತಿದ್ದ. ದುಂಡೇಶ ನೋಡಿದ್ದು ಇವರಲ್ಲಿ ಯಾರನ್ನೂ ಅಲ್ಲ. ಮಹಾಬಳೇಶ್ವರನ ತುಟಿಯ ಮೂಲೆಯಲ್ಲಿ ಹೌದು ಎಂಬ ಮಾತಿಗಾಗಿ ಕಾಯುತ್ತಿದ್ದ ನಗುವನ್ನು ನೋಡಿದ. ಆ ನಗು ಅರಳುವುದನ್ನು, ನಾಳೆ ಅಂಗಡಿಯಲ್ಲಿ ಬೆಲ್ಲ ತೂಗುತ್ತಾ ಅದನ್ನು ಊರಿಗೆಲ್ಲ ಹಂಚುವುದನ್ನು, ಈ ಕಟ್ಟೆಯ ಮೇಲೆ ಕೂತವರು ಮನೆಮನೆಗೆ ಒಯ್ಯುವುದನ್ನು ನೋಡಿದ. ಕೆನ್ನೆ ಬಿಸಿಯಾಯಿತು. ಬಾಯಿ ತೆರೆದಾಗ ಬಂದ ದನಿ ಅವನ ಗುರುತಿನದೇ, ಗಟ್ಟಿಯಾದದ್ದು, ಹೋಟೆಲಿನ ಹಾಲಿನ ಕೊನೆಯ ಸಾಲಿಗೂ ಕೇಳುವಂಥದ್ದು.

'ಮಾಬಳೇಶ್ವರಣ್ಣಾರ, ಕೊತ್ತಂಬರಿ ಮಾರೂದು ಬ್ಯಾರೆ, ಆರೋಗ್ಯ ಕೊಡೂದು ಬ್ಯಾರೆ. ಒಬ್ಬೊಬ್ಬರ ಮೈಗೆ ಒಂದೊಂದ ಥರಾ ಹತ್ತತೈತಿ. ಇವನ ಕಾಲ ಹೋಗಿದ್ದು ಚಪ್ಪಲಿ ಕಚ್ಚಿ, ಪೌಡರ ತಗೊಂಡಲ್ಲ. ಮೊಣಕಾಲ ಉಳದದ್ದ ಯಾತರಿಂದ ಅಂತ ಅವನ್ನ ಕೇಳ್ರಿ. ತಗೊಂಡವಗ ಗೊತ್ತಿರತೈತಿ. ದೂರ ಕುಂತ ನಗೂದು ಭಾಳ ಸರಳ ಐತಿ.'

ಮಹಾಬಳೇಶ್ವರ ಎಲೆಯಡಿಕೆ ಉಗುಳಲು ಎದ್ದು ಮೂಲೆಗೆ ಹೋದ. 'ಖರೇ ಐತಿ ಬಿಡು' ಎಂದಳು ಶಿವಗಂಗವ್ವ, 'ಬ್ಯಾನಿ ಬಿದ್ದವರ ಮನಿ ಮುಂದ ಕುಂತ ನಗಬಾರದು.' ಪರಸಪ್ಪ ಟೊಪ್ಪಿಗೆ ತಲೆಗಿಟ್ಟುಕೊಂಡು, ತನ್ನ ಹೆಂಡತಿಗೂ ಎರಡು ವರ್ಷದಿಂದ ಶುಗರಿದೆ, ಗುಳಿಗೆಗೆ ಹಳಿಯಾಳಕ್ಕೆ ಅಡ್ಡಾಡಿ ಸಾಕಾಗಿದೆ ಎಂದು ಮೆಲ್ಲಗೆ ಮಾತು ತೆಗೆದ. ದುಂಡೇಶ ಅವನ ಪಕ್ಕದಲ್ಲಿ ಕೂತ. ನಾಲಿಗೆ ತಾನಾಗಿಯೇ ತನ್ನ ಕೆಲಸ ಮಾಡುತ್ತಿತ್ತು: ಎಷ್ಟು ವಯಸ್ಸು, ಊಟದಲ್ಲಿ ಏನು, ರಾತ್ರಿ ಎಷ್ಟು ಸಲ ಏಳುತ್ತಾರೆ. ಬಾಗಿಲಿನ ಕಡೆ ನೋಡಿದಾಗ ದಾನೇಶ್ವರಿ ಇರಲಿಲ್ಲ. ಬೈಕು ಹೊರಟ ಸದ್ದಾಯಿತು. ಒಳಗಿನಿಂದ ಈರೇಶ, 'ಪರಸಪ್ಪ ಕಾಕಾ, ಒಳಗ ಬರ್ರಿ, ಫಾರ್ಮ ಇಲ್ಲೇ ಅದಾವ' ಎಂದು ಕರೆದ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ, ಬೇಸರ ಇರಲಿಲ್ಲ.

ಆ ಮಧ್ಯಾಹ್ನ ಶಿವಗಂಗವ್ವ ಒಂದು ಡಬ್ಬಿ ಬರೆಸಿದಳು. ಪರಸಪ್ಪ ತನ್ನ ಹೆಸರಿನಲ್ಲೊಂದು, ಹೆಂಡತಿಯ ಹೆಸರಿನಲ್ಲೊಂದು ಫಾರ್ಮಿಗೆ ಹೆಬ್ಬೆಟ್ಟು ಒತ್ತಿದ. ಅವನ ಹೆಂಡತಿ ಸೋಮವಾರದಿಂದ ಗುಳಿಗೆ ಬಿಟ್ಟಳು. ಈರೇಶ ಸೂಜಿ ಹಾಕಿಸಿಕೊಳ್ಳಲಿಲ್ಲ.